ಒಲೆ ಎರಡು, ಕಾರ್ಡ್ ಒಂದು: ಮಾಸಾಶನದ ಲೆಕ್ಕದಲ್ಲಿ ‘ಕುಟುಂಬ’ ಬಂದ ದಾರಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಅಣ್ಣತಮ್ಮಂದಿರು ಬೇರೆಯಾದರು ಅಂದರೆ ಮೊದಲು ಬೇರೆಯಾಗುವುದು ಒಲೆ. ಜಮೀನು ಅಪ್ಪನ ಹೆಸರಲ್ಲೇ ಇರುತ್ತದೆ, ರೇಷನ್ ಕಾರ್ಡ್ ಎಷ್ಟೋ ವರ್ಷ ಹಾಗೇ ಉಳಿಯುತ್ತದೆ. ಊರಿನ ಲೆಕ್ಕದಲ್ಲಿ ಅದು ಎರಡು ಮನೆ, ಕಾಗದದ ಲೆಕ್ಕದಲ್ಲಿ ಒಂದೇ ಕುಟುಂಬ. ಈ ವ್ಯತ್ಯಾಸದ ಪೆಟ್ಟು ಜೋರಾಗಿ ಬೀಳುವುದು ಅಂಥ ಮನೆಯ ಅಂಗವಿಕಲರಿಗೆ. ಮಾಸಾಶನಕ್ಕೆ ವೈದ್ಯರು ಅಳೆಯುವುದು ಒಬ್ಬರ ದೇಹವನ್ನು. ನಾಡಕಚೇರಿ ಕೇಳುವುದು ಇಡೀ ಕುಟುಂಬದ ಆದಾಯವನ್ನು. ಈ ಎರಡನೆಯ ಅಳತೆ ಎಲ್ಲಿಂದ ಬಂತು ಎಂದು ಹುಡುಕಿದರೆ ನಾವು ಬರಗಾಲದ ದಿನಗಳಿಗೆ ಹೋಗಬೇಕಾಗುತ್ತದೆ.

1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆ ಘೋರ ಬರ ಕಂಡಿತು. ಆ ಬರದ ಪಾಠದಿಂದ ಬ್ರಿಟಿಷ್ ಸರ್ಕಾರ 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳನ್ನು ರೂಪಿಸಿತು. ಮೈಯಲ್ಲಿ ಶಕ್ತಿ ಇದ್ದವರಿಗೆ ಕೆಲಸ ಕೊಟ್ಟು ಕೂಲಿ. ಕಣ್ಣು ಕಾಣದವರು, ಕೈಕಾಲು ಆಡದವರು, ಮುದುಕರಿಗೆ ಕೆಲಸವಿಲ್ಲದೆಯೂ ನೆರವು. ಆದರೆ ಒಂದು ಷರತ್ತು: ಅವರನ್ನು ಸಾಕಬಲ್ಲ ಬಂಧುಗಳು ಇರಬಾರದು. ಮೊದಲು ಮನೆಯವರು, ಅವರಿಲ್ಲದಿದ್ದರೆ ಮಾತ್ರ ಸರ್ಕಾರ.

ಸ್ವಾತಂತ್ರ್ಯದ ನಂತರ ಸಂವಿಧಾನದ 41ನೇ ವಿಧಿ ಅಂಗವೈಕಲ್ಯವಿದ್ದಾಗ ಸಾರ್ವಜನಿಕ ನೆರವು ಸಿಗಬೇಕು ಎಂದಿತು. ಅದರಲ್ಲಿ ಬಂಧುಗಳ ಮಾತಿಲ್ಲ. ಆದರೂ 1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ವೃದ್ಧಾಪ್ಯ ವೇತನಕ್ಕೆ, ಸ್ವಂತ ಆದಾಯವೂ ಮನೆಯವರ ಆಸರೆಯೂ ಇಲ್ಲದ ನಿರ್ಗತಿಕರೇ ಅರ್ಹರಾದರು. 2007ರಲ್ಲಿ ಆ ಮಾತು ಹೋಗಿ ಬಡತನ ರೇಖೆಗಿಂತ ಕೆಳಗಿನ ಕುಟುಂಬ ಎಂಬ ನಿಯಮ ಬಂತು. 2009ರಲ್ಲಿ ಬಂದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯೂ ಅದೇ ದಾರಿ ಹಿಡಿಯಿತು: ಶೇ 80ರಷ್ಟು ವೈಕಲ್ಯ ಇರಬೇಕು, ಕುಟುಂಬ ಬಿಪಿಎಲ್ ಆಗಿರಬೇಕು. ನಮ್ಮ ರಾಜ್ಯದ ಮಾಸಾಶನ ಶೇ 40ರಿಂದಲೇ ಸಿಗುತ್ತದೆ. ಆದರೆ ಅಲ್ಲೂ ಕುಟುಂಬದ ಆದಾಯ ವರ್ಷಕ್ಕೆ 32,000 ರೂಪಾಯಿ ಮೀರುವಂತಿಲ್ಲ.

ಹಾಗಾದರೆ ಕುಟುಂಬ ಅಂದರೆ ಯಾರು? ಈ ಪ್ರಶ್ನೆಗೆ ಮಂಡ್ಯದಲ್ಲೇ ಒಂದು ಉತ್ತರ ದಾಖಲಾಗಿದೆ. 1930ರ ದಶಕದಲ್ಲಿ ಇರ್ವಿನ್ ನಾಲೆಯ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಕಬ್ಬಿನ ಜೊತೆ ಕೈಗೆ ಕಾಸೂ ಬಂತು. 1954ರಿಂದ ಮಂಡ್ಯ ಸಮೀಪದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಈ ಕಾಸು ಕೂಡುಕುಟುಂಬಗಳನ್ನು ಹೇಗೆ ಸಡಿಲ ಮಾಡಿತು ಎಂದು ಬರೆದರು. 1970ರಲ್ಲಿ ಮತ್ತೆ ಬಂದಾಗ ಇನ್ನೊಂದು ಬಗೆಯ ಕುಟುಂಬವನ್ನು ಗುರುತಿಸಿ ಅದಕ್ಕೆ ‘ಶೇರ್ ಫ್ಯಾಮಿಲಿ’ ಎಂದು ಹೆಸರಿಟ್ಟರು. ವಾಸ ಬೇರೆ ಬೇರೆ, ಊರೂ ಬೇರೆ ಇರಬಹುದು, ಆದರೆ ದುಡಿಮೆ ಮತ್ತು ಖರ್ಚಿನ ಹೊಣೆ ಹಂಚಿಕೊಂಡವರು.

ಅಂದರೆ ನಮ್ಮಲ್ಲಿ ಒಂದೇ ಸೂರಿನಡಿ ಇದ್ದೂ ಗಂಟು ಬೇರೆ ಇರಬಹುದು. ದೂರ ಇದ್ದೂ ಗಂಟು ಒಂದೇ ಇರಬಹುದು. ಆದಾಯ ಪ್ರಮಾಣಪತ್ರದ ಒಂದು ಅಂಕಿಗೆ ಇದು ಗೊತ್ತಾಗುವುದಿಲ್ಲ. ವರ್ಷಕ್ಕೆ 32,000 ಅಂದರೆ ತಿಂಗಳಿಗೆ 2,700 ರೂಪಾಯಿಯೂ ಆಗದು. ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋದರೆ ಅಥವಾ ತಮ್ಮ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದರೆ ಸಾಕು, ಮಿತಿ ದಾಟುತ್ತದೆ. ಆ ಸಂಬಳದ ಮೇಲೆ ಮನೆಯಲ್ಲಿ ಕೂತ ಅಂಗವಿಕಲ ಅಣ್ಣನಿಗೆ ಏನೂ ಹಕ್ಕಿಲ್ಲ. ಆದರೂ ಅದು ಅವನ ಆದಾಯ ಎಂದೇ ಲೆಕ್ಕ. ಕಾರ್ಡ್ ಬೇರೆ ಮಾಡಿಸೋಣ ಅಂದರೆ ನೋಡಿಕೊಳ್ಳುವವರಿಂದಲೇ ಕಾಗದದಲ್ಲಿ ದೂರವಾಗಬೇಕು. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಹೀಗಾಗಿ ಯಾರು ಯಾವ ಕಾರ್ಡಿನಲ್ಲಿ ಎಂಬುದು ಮನೆಯೊಳಗೂ ದೊಡ್ಡ ಪ್ರಶ್ನೆ.

ಬೇರೆ ಕಡೆಯೂ ಈ ಗೋಜಲಿದೆ. ಅಮೆರಿಕದಲ್ಲಿ 1974ರಲ್ಲಿ ಜಾರಿಗೆ ಬಂದ ಎಸ್ಎಸ್ಐ ಎಂಬ ನೆರವಿನಲ್ಲಿ, ಬೇರೆಯವರ ಮನೆಯಲ್ಲಿದ್ದು ಊಟ, ವಸತಿ ಪುಕ್ಕಟೆ ಪಡೆದರೆ ಮೂರನೇ ಒಂದು ಭಾಗ ಕಡಿತವಾಗುತ್ತಿತ್ತು. 2024ರ ಸೆಪ್ಟೆಂಬರ್ 30ರಿಂದ ಅಲ್ಲಿ ಊಟವನ್ನು ಲೆಕ್ಕದಿಂದ ಕೈಬಿಟ್ಟರು. ವಸತಿಯ ಲೆಕ್ಕ ಉಳಿದಿದೆ.

ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 2007ರಲ್ಲಿ ನಮ್ಮದೇ ರಾಜ್ಯ ತಂದ ಸಂಧ್ಯಾ ಸುರಕ್ಷಾ ಯೋಜನೆ ಅರ್ಜಿದಾರ ಮತ್ತು ಗಂಡ ಅಥವಾ ಹೆಂಡತಿಯ ಆದಾಯವನ್ನಷ್ಟೇ ನೋಡಿತು, ಮಕ್ಕಳದ್ದನ್ನು ಸೇರಿಸಲಿಲ್ಲ. ಮುದುಕರ ವಿಷಯದಲ್ಲಿ ಗೆರೆ ಚಿಕ್ಕದಾಗಿ ಎಳೆಯಬಹುದಾದರೆ ಅಂಗವಿಕಲರ ವಿಷಯದಲ್ಲಿ ಯಾಕಾಗದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರ ನೆರವು ಇತರರದ್ದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಆದಾಯ ಮಿತಿ ಗೊತ್ತುಮಾಡುವುದನ್ನು ಸರ್ಕಾರಕ್ಕೇ ಬಿಟ್ಟಿದೆ. ಅಂದರೆ ಗೆರೆ ಬದಲಿಸಲು ಹೊಸ ಕಾಯ್ದೆ ಬೇಕಿಲ್ಲ.

ಮಾಸಾಶನ ದೊಡ್ಡ ದುಡ್ಡಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಕೂತು ಮುದ್ದೆ ಉಣ್ಣುವವರಿಗೆ ‘ನನ್ನದೂ ಇಷ್ಟು’ ಎಂದು ಹೇಳಲು ಇರುವ ದುಡ್ಡು ಅದೊಂದೇ. ಸಾಕುವವರು ಇದ್ದಾರೆ ಎಂಬ ಕಾರಣಕ್ಕೆ ಅದನ್ನು ತಪ್ಪಿಸುವುದು ಬರಗಾಲದ ಲೆಕ್ಕ.