ಅಪಸ್ಮಾರ: ನೆನಪು ಅಳಿಯುವ ಕಾಯಿಲೆ

ಮೂರ್ಛೆರೋಗಕ್ಕೆ ಆಯುರ್ವೇದ ಕೊಟ್ಟ ಹೆಸರು ಅಪಸ್ಮಾರ. ಸ್ಮಾರ ಎಂದರೆ ನೆನಪು. ಅದು ಅಳಿದುಹೋಗುವುದೇ ಅಪಸ್ಮಾರ. ಸೆಟೆಯುವ ಕೈಕಾಲು, ಬಾಯಿಯ ನೊರೆ ಎಷ್ಟೇ ಎದ್ದು ಕಂಡರೂ ಚರಕಸಂಹಿತೆ ಈ ಕಾಯಿಲೆಯನ್ನು ಗುರುತಿಸಿದ್ದು ಸ್ಮೃತಿಯ ನಾಶದಿಂದ. ನಟರಾಜನ ಪಾದದಡಿಯ ಕುಳ್ಳನಿಗೂ ಇದೇ ಹೆಸರು. ತಮಿಳರಿಗೆ ಅವನು ಮುಯಲಗನ್. ಹಳೆಯ ತಮಿಳಿನಲ್ಲಿ ಈ ಕಾಯಿಲೆಯನ್ನೂ ಹಾಗೆಯೇ ಕರೆದರು. 

 ಮೈಸೂರು ಸೀಮೆಯಲ್ಲಿ ಈ ಕಾಯಿಲೆಯ ವಿಶೇಷ ರೂಪವೊಂದು ಬಚ್ಚಲುಮನೆಯಲ್ಲೇ ಕಾಣಿಸಿಕೊಳ್ಳುತ್ತದೆ. ಹಂಡೆಯಲ್ಲಿ ಕಾಯಿಸಿದ 40ರಿಂದ 50 ಡಿಗ್ರಿಯ ನೀರನ್ನು ಚೊಂಬಿನಿಂದ ತಲೆಗೆ ಒಂದೇ ಸಮನೆ ಸುರಿದುಕೊಳ್ಳುವಾಗ ಕೆಲವರಿಗೆ ಸೆಳವು ಬರುತ್ತದೆ. ಮೈಗೆ ಮಾತ್ರ ಹಾಕಿಕೊಂಡರೆ ಸಾಮಾನ್ಯವಾಗಿ ಏನೂ ಆಗದು. ಕೆಲವರಿಗೆ ಮೊದಲು ಹಿತವೆನಿಸಿ, ಇನ್ನೂ ಇನ್ನೂ ಸುರಿದುಕೊಳ್ಳುವ ಆಸೆಯಾಗುತ್ತದೆ, ಆಮೇಲಿನದು ನೆನಪಿರುವುದಿಲ್ಲ. ನಡೆದದ್ದನ್ನು ಬಾಗಿಲಾಚೆ ನಿಂತ ಅಮ್ಮನೋ ಹೆಂಡತಿಯೋ ಹೇಳಬೇಕು. ನ್ಯೂಜಿಲೆಂಡಿನಿಂದ 1945ರಲ್ಲಿ ಇಂಥ ಒಬ್ಬ ಹುಡುಗನ ವರದಿ ಬಂದಿತ್ತು. ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ 1968ರಿಂದ ಇದನ್ನು ಬರೆದಿಟ್ಟರು. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಮಂದಿಯ ವಿವರ ಪ್ರಕಟಿಸಿದರು.

ಸೆಳವಿನ ಗಳಿಗೆಯ ಮರೆವು ಬೇರೆ, ವರ್ಷಗಟ್ಟಲೆ ಉಳಿಯುವ ಮರೆವು ಬೇರೆ. ಎರಡನೆಯದನ್ನು ವೈದ್ಯಲೋಕಕ್ಕೆ ಮನಗಾಣಿಸಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಪಾಡು. 1953ರಲ್ಲಿ ಮೂರ್ಛೆ ತಗ್ಗಿಸಲೆಂದು ಅವರ ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ ಭಾಗವನ್ನು ಶಸ್ತ್ರಚಿಕಿತ್ಸಕರು ತೆಗೆದರು. ಸೆಳವು ತಗ್ಗಿತು. ಬಾಲ್ಯ ನೆನಪಿತ್ತು, ಆದರೆ ಆಗಷ್ಟೇ ಮಾತಾಡಿಸಿ ಹೋದವರ ಗುರುತು ಉಳಿಯುತ್ತಿರಲಿಲ್ಲ. ಕಣತಲೆಯ ಬದಿಯ ಮಿದುಳಿನ ಒಳಮಗ್ಗುಲಿನ ಈ ಭಾಗವೇ ಹೊಸ ಅನುಭವವನ್ನು ಗಟ್ಟಿ ನೆನಪಾಗಿ ಕೂರಿಸುತ್ತದೆ; ಅನೇಕರಲ್ಲಿ ಮೂರ್ಛೆ ಹುಟ್ಟುವುದೂ ಇಲ್ಲಿಯೇ. ಸೆಳವುಗಳು ಮರುಕಳಿಸಿದಷ್ಟೂ ಆ ಭಾಗ ಸವೆಯಬಹುದು. ಕೆಲವರು ಕಲಿತದ್ದನ್ನು ಅರ್ಧ ಗಂಟೆಯ ಬಳಿಕ ಸರಿಯಾಗಿ ಒಪ್ಪಿಸಿ, ವಾರಗಳಲ್ಲಿ ಕಳೆದುಕೊಳ್ಳುತ್ತಾರೆ. ಅಂಥ ಮಗುವನ್ನು ಶಾಲೆಯಲ್ಲಿ ಸೋಮಾರಿ ಎಂದು ಬೈಯುವುದು ದೊಡ್ಡ ಅನ್ಯಾಯ.

ಮೈಸೂರು ಸೀಮೆಯ ಯಳಂದೂರು ತಾಲ್ಲೂಕಿನಲ್ಲಿ ಮಣಿ ಅವರ ತಂಡ ಸುಮಾರು 65 ಸಾವಿರ ಜನರ ಸಮೀಕ್ಷೆ ನಡೆಸಿತು. ಸಾವಿರಕ್ಕೆ ಸುಮಾರು ನಾಲ್ವರಲ್ಲಿ ಕಾಯಿಲೆ ಸಕ್ರಿಯವಾಗಿತ್ತು. ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯಲ್ಲಿ ಸೆಳವು ಹತೋಟಿಗೆ ತರಬಹುದೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇವುಗಳಲ್ಲಿ ಫಿನೋಬಾರ್ಬಿಟಾಲ್ ತಾನೇ ಗಮನವನ್ನೂ ಕಲಿಕೆಯನ್ನೂ ಮಂಕಾಗಿಸಬಲ್ಲದು. ಹಾಗೆಂದು ಗುಳಿಗೆ ಬಿಟ್ಟರೆ ಸೆಳವು ಮರಳುತ್ತದೆ, ನೆನಪಿಗೆ ಅದರ ಪೆಟ್ಟೂ ಬೀಳುತ್ತದೆ; ಪ್ರಮಾಣವನ್ನೋ ಔಷಧಿಯನ್ನೋ ವೈದ್ಯರೇ ಬದಲಿಸಬೇಕು. ಬಿಸಿನೀರಿನ ಸೆಳವಿಗೆ ಉಗುರುಬೆಚ್ಚಗಿನ ನೀರೇ ಮೊದಲ ಮದ್ದು. ಸಾಲದಿದ್ದವರಿಗೆ ತಲೆಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ ಕ್ಲೊಬಜಾಮ್ ಗುಳಿಗೆ ಕೊಡುವ ಪದ್ಧತಿಯಿದೆ.