ಆಗುಂಬೆಯ ಘಟ್ಟದ ಸುಂಕವೂ ಕಳ್ಳಮಾಲೂ

ಆಗುಂಬೆಯ ಘಟ್ಟವು ಇಂದು ಶಿವಮೊಗ್ಗ, ಉಡುಪಿ ಜಿಲ್ಲೆಗಳ ನಡುವಣ ಎಲ್ಲೆಯಷ್ಟೆ. 1799ರಿಂದ 1956ರವರೆಗಾದರೋ ಅದು ಎರಡು ಆಡಳಿತಗಳ ಗಡಿಯಾಗಿದ್ದಿತು. ಮೇಲೆ ಮೈಸೂರು ಸೀಮೆ. ಸೋಮೇಶ್ವರದಿಂದ ಕೆಳಕ್ಕೆ ಕುಂಪಣಿಯ ವಶವಾಗಿ ಮದರಾಸಿಗೆ ಸೇರಿದ ಕನ್ನಡ ಜಿಲ್ಲೆ. ಕೆಳದಿಯ ನಾಯಕರ ಕಾಲದಲ್ಲಿ ಮಲೆಯ ಅಡಕೆ ಮೆಣಸುಗಳೂ ಕಡಲ ಉಪ್ಪೂ ಒಂದೇ ಪ್ರಭುತ್ವದೊಳಗೆ ಏರಿ ಇಳಿಯುತ್ತಿದ್ದುವು. ಅಂದೂ ಸುಂಕವಿರಲಿಲ್ಲವೆಂದಲ್ಲ, ಆದರೆ ಒಂದೇ ಸರಕಿಗೆ ಘಟ್ಟದ ಮೇಲೊಂದು ಕೆಳಗೊಂದು ಕಟ್ಟಳೆ ಏರ್ಪಟ್ಟುದು ಗೆರೆಯೆಳೆದ ಮೇಲೆಯೇ.

ಸುಂಕವು ನಾಡಿಗೆ ಹೊಸದಲ್ಲ. ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳು ಮೇಲಿಂದ ಮೇಲೆ ಬರುತ್ತವೆ. ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬಾತನಿದ್ದಾನೆ. ಅವನ ವೃತ್ತಿಯನ್ನು ಹೆಸರೇ ಹೇಳುತ್ತದೆ. ಜನರ ಬಾಯಲ್ಲಿ ಈ ವೃತ್ತಿಗೆ ಬಂದ ಕೀರ್ತಿ ಬೇರೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇನ್ನೂ ಸವೆದಿಲ್ಲ.

ಆ ಕಾಠಿಣ್ಯಕ್ಕೆ ಕಾರಣವು ವ್ಯಕ್ತಿಗಳ ಸ್ವಭಾವಕ್ಕಿಂತ ವ್ಯವಸ್ಥೆಯಲ್ಲಿಯೇ ಇದ್ದಿತು. ಸಾಯರೆಂಬ ಸುಂಕಗಳನ್ನು ಗುತ್ತಿಗೆಗೆ ಕೊಡುವುದು ವಾಡಿಕೆ. ಗುತ್ತಿಗೆದಾರನು ಸರ್ಕಾರಕ್ಕೆ ಇಂತಿಷ್ಟೆಂದು ಒಪ್ಪಿ, ಮಿಕ್ಕುದನ್ನು ತಾನೇ ಇಟ್ಟುಕೊಳ್ಳುವನು. ಒಂದೇ ಹೇರು ದಾರಿಯ ಹಲವು ಕಟ್ಟೆಗಳಲ್ಲಿ ಹಣ ತೆರಬೇಕು. ಇಂತಲ್ಲಿ ಸುಂಕವೆಲ್ಲಿ ಮುಗಿಯಿತು, ಲಂಚವೆಲ್ಲಿ ಮೊದಲಾಯಿತು ಎಂಬುದನ್ನು ನಿರ್ಣಯಿಸುವವರಾರು? ಕಟ್ಟೆಯಲ್ಲಿ ಕುಳಿತವನಿಗೂ ಎತ್ತಿನವನಿಗೂ ಎರಡೂ ಒಂದೇ ಆಗಿ ತೋರಿರಬೇಕು. ಕಬ್ಬನ್ನನ ಆಡಳಿತದಲ್ಲಿ (1834–61) ಮೈಸೂರು ಸೀಮೆಯಲ್ಲಿ ತೆಗೆದುಹಾಕಲ್ಪಟ್ಟ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಎಂದು ರೈಸ್ ಬರೆದಿದ್ದಾನೆ. ಅಷ್ಟು ಬಾಬುಗಳಿದ್ದಲ್ಲಿ ಪ್ರಾಮಾಣಿಕನಾದ ಹೇರಿನವನೂ ಯಾವುದಾದರೊಂದಕ್ಕೆ ತಪ್ಪಿತಸ್ಥನೇ. ಮದರಾಸಿನವರು ಒಳನಾಡಿನ ಸುಂಕಗಳನ್ನು 1844ರಲ್ಲಿ ರದ್ದುಗೊಳಿಸಿದರು.

ಸುಂಕ ಹೋದರೂ ಏಕಸ್ವಾಮ್ಯ ಉಳಿಯಿತು. ಕನ್ನಡ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವನ್ನು ಕುಂಪಣಿಯು ತನ್ನ ಕೈಗೆ ತೆಗೆದುಕೊಂಡಿದ್ದಿತು. ಹೊಗೆಸೊಪ್ಪು ಬೆಳೆಯುವುದು ಘಟ್ಟದಾಚೆಯ ಬಯಲುಸೀಮೆಯಲ್ಲಿ. ಅಲ್ಲಿ ಅಗ್ಗ, ಕೆಳಗೆ ಸರ್ಕಾರ ಕಟ್ಟಿದ ಬೆಲೆ. ಈ ಅಂತರವೇ ಕಾಡುದಾರಿಗಳಿಗೆ ಜೀವ. ಬಡವನ ಚೀಲಕ್ಕೆ ಅದು ಎಷ್ಟು ನಾಟಿತ್ತೆಂಬುದಕ್ಕೆ 1837ರ ಬಂಡಾಯವೇ ಸಾಕ್ಷಿ. ಕೊಡಗಿನಿಂದ 1834ರಲ್ಲಿ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದ ಅಮರಸುಳ್ಯ, ಪುತ್ತೂರು ಮಾಗಣೆಗಳಿಂದ ಮಂಗಳೂರಿನವರೆಗೆ ನಡೆದ ರೈತರ ದೂರುಗಳಲ್ಲಿ ನಗದು ಕಂದಾಯದೊಡನೆ ಉಪ್ಪು ಹೊಗೆಸೊಪ್ಪುಗಳೂ ಸೇರಿದ್ದುವು. ಹೊಗೆಸೊಪ್ಪಿನ ಏಕಸ್ವಾಮ್ಯವು 1853ರಲ್ಲಿ ನಿಂತಿತು.

ಮಲೆನಾಡಿನ ಗಂಧದ ಕತೆ ಇನ್ನೂ ದೀರ್ಘವಾದುದು. ಟಿಪ್ಪುವು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನೆಂದು ಪ್ರಸಿದ್ಧಿ; ಆ ಬಳಿಕದ ಆಡಳಿತಗಳೂ ಆ ಹಕ್ಕನ್ನು ಬಿಡಲಿಲ್ಲ. ರೈತನ ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಗಿಡವೂ ಸರ್ಕಾರದ್ದು. ಅದನ್ನು ಕಾಯುವ ಹೊಣೆ ಮಾತ್ರ ರೈತನದು. ಇಂತಹ ಮರವನ್ನು ಸಸಿಯಾಗಿದ್ದಾಗಲೇ ಕಿತ್ತುಹಾಕುವುದು ಜಾಣತನವೆಂದು ಅನೇಕರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಉಳಿದುದು ಕಳ್ಳನ ಕೊಡಲಿಗೆ. 2001ರ ತಿದ್ದುಪಡಿಯಿಂದ ಬೆಳೆದವನೇ ಒಡೆಯನಾದನು. ಮಾರಾಟದ ಮೇಲಣ ನಿರ್ಬಂಧ ಅಷ್ಟಕ್ಕೇ ತೀರಲಿಲ್ಲ.