ಮೂಲೆ ಸೇರಿದ್ದ ಮಾತ್ರೆ ಮರಳಿ ಬಂದ ಕಥೆ

ಉರಿಮೂತ್ರದ ಬಗ್ಗೆ ನಮ್ಮ ಮನೆಗಳ ಹೆಣ್ಣುಮಕ್ಕಳು ಬಾಯಿ ಬಿಡುವುದು ಕಡಿಮೆ. ಒಂದೆರಡು ದಿನ ಎಳನೀರು, ಬಾರ್ಲಿ ನೀರು ಕುಡಿದು ನೋಡುತ್ತಾರೆ. ತಡೆಯಲಾಗದಿದ್ದಾಗ ಯಾರನ್ನಾದರೂ ಔಷಧದಂಗಡಿಗೆ ಕಳುಹಿಸಿ ನಾಲ್ಕು ಮಾತ್ರೆ ತರಿಸುತ್ತಾರೆ. ಉರಿ ನಿಂತಿತೋ, ಉಳಿದ ಎರಡು ಮಾತ್ರೆ ಡಬ್ಬಿ ಸೇರುತ್ತವೆ. ಯಾವ ಮಾತ್ರೆ? ಎಷ್ಟು ಪ್ರಮಾಣ? ಎಷ್ಟು ದಿನ? ಈ ಮೂರು ಸಣ್ಣ ಪ್ರಶ್ನೆಗಳ ಹಿಂದೆ ಮುಕ್ಕಾಲು ಶತಮಾನದ ಇತಿಹಾಸವಿದೆ.

1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪ್ರೊಂಟೊಸಿಲ್ ಔಷಧದ ಪರಿಣಾಮವನ್ನು ಪ್ರಕಟಿಸಿದರು. ಅಲ್ಲಿಂದ ಸಲ್ಫಾ ಔಷಧಗಳ ಯುಗ ಆರಂಭವಾಯಿತು. ಮೂತ್ರದ ಸೋಂಕಿಗೂ ಅವು ಬಳಕೆಯಾದವು. 1953ರಲ್ಲಿ ಅಮೆರಿಕದಲ್ಲಿ ನೈಟ್ರೋಫ್ಯುರಾಂಟೊಯಿನ್ ಬಂತು. ಇದರ ಸ್ವಭಾವವೇ ಬೇರೆ. ರಕ್ತದಲ್ಲಿ ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೂತ್ರಪಿಂಡ ಇದನ್ನು ಬೇಗನೆ ಸೋಸಿ ಮೂತ್ರಕ್ಕೆ ತಳ್ಳುತ್ತದೆ. ಆದ್ದರಿಂದ ಮೂತ್ರಕೋಶದ ಸೋಂಕಿಗೆ ಇದು ಸರಿಯಾದ ಮದ್ದು, ಮೂತ್ರಪಿಂಡದ ಸೋಂಕಿಗೆ ಅಲ್ಲ. ಆದರೆ ಅಂದು ದಿನಕ್ಕೆ ನಾಲ್ಕು ಬಾರಿ ನುಂಗಬೇಕಿತ್ತು, ಹೊಟ್ಟೆ ತೊಳಸುತ್ತಿತ್ತು. ರೋಗಿಗಳಿಗೆ ಇದು ಹಿಡಿಸಲಿಲ್ಲ.

1962ರಲ್ಲಿ ಮಲೇರಿಯಾ ಔಷಧ ಕ್ಲೋರೋಕ್ವಿನ್‌ಗೆ ಸಂಬಂಧಿಸಿದ ಸಂಶೋಧನೆಯಿಂದ ನಾಲಿಡಿಕ್ಸಿಕ್ ಆಮ್ಲ ದೊರೆಯಿತು. ಅದರ ಸಂತತಿಯಾಗಿ 1980ರ ದಶಕದಲ್ಲಿ ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಬಂದವು. ನುಂಗಲು ಸುಲಭ, ಗುಣವೂ ಬೇಗ. ಹಳೆಯ ಮಾತ್ರೆ ಮೂಲೆ ಸೇರಿತು. ಆದರೆ ಕಂಡಕಂಡದ್ದಕ್ಕೆಲ್ಲ ಬಳಸಿದ ಹೊಸ ಅಸ್ತ್ರ ಮೊಂಡಾಗತೊಡಗಿತು. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ-ಕೋಲಿ ಅದಕ್ಕೆ ಜಗ್ಗದಂತಾಯಿತು. ಸ್ನಾಯುರಜ್ಜು, ನರಗಳಿಗೆ ಹಾನಿಯಾಗಬಹುದೆಂದು ಕಂಡು, ಬೇರೆ ದಾರಿಯಿದ್ದರೆ ಸಾಧಾರಣ ಮೂತ್ರದ ಸೋಂಕಿಗೆ ಈ ಗುಂಪಿನ ಔಷಧ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿತು.

ದಿನಗಳ ಲೆಕ್ಕವೂ ಬದಲಾಯಿತು. ಕಡಿಮೆ ಪ್ರಮಾಣದ ಪೆನಿಸಿಲಿನ್ ರೋಗಾಣುವನ್ನು ಕೊಲ್ಲದೆ ಬಲಗೊಳಿಸುತ್ತದೆಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂಬ ನಂಬಿಕೆ ಬೇರೂರಿ, ಒಂದೆರಡು ವಾರಗಳ ಚಿಕಿತ್ಸೆ ರೂಢಿಯಾಯಿತು. 1970, 80ರ ದಶಕಗಳಲ್ಲಿ ವೈದ್ಯರು ಒಂದೇ ಡೋಸ್, ಮೂರು ದಿನ ಎಂದು ಪರೀಕ್ಷಿಸಿ ನೋಡಿದರು. ಅಗತ್ಯಕ್ಕಿಂತ ಹೆಚ್ಚು ದಿನ ಕೊಟ್ಟರೆ ಕರುಳಿನ ನಿರುಪದ್ರವಿ ಜೀವಾಣುಗಳೂ ಪ್ರತಿರೋಧ ಕಲಿಯುತ್ತವೆಂಬುದು ಕ್ರಮೇಣ ಸ್ಪಷ್ಟವಾಯಿತು.

2011ರಲ್ಲಿ ಪ್ರಕಟವಾದ ಅಮೆರಿಕ-ಯೂರೋಪ್ ತಜ್ಞರ ಮಾರ್ಗಸೂಚಿ ಮೂಲೆ ಸೇರಿದ್ದ ಮಾತ್ರೆಯನ್ನು ಮುಂದಕ್ಕೆ ತಂದಿತು: ನೈಟ್ರೋಫ್ಯುರಾಂಟೊಯಿನ್ 100 ಮಿಲಿಗ್ರಾಂ, ದಿನಕ್ಕೆರಡು ಬಾರಿ, 5 ದಿನ. ಟ್ರೈಮೆಥೋಪ್ರಿಮ್-ಸಲ್ಫಾ ಜೋಡಿಯಾದರೆ 3 ದಿನ. ಸ್ಪೇನ್‌ನ ಮಣ್ಣಿನ ಜೀವಾಣುವಿನಿಂದ ದೊರೆತ, 1969ರಲ್ಲಿ ಲೋಕಕ್ಕೆ ಪರಿಚಯವಾದ ಫಾಸ್ಫೊಮೈಸಿನ್ ಆದರೆ 3 ಗ್ರಾಂ, ಒಂದೇ ಸಲ. 2018ರಲ್ಲಿ ಪ್ರಕಟವಾದ, 513 ಮಹಿಳೆಯರ ಅಧ್ಯಯನದಲ್ಲಿ 5 ದಿನಗಳ ನೈಟ್ರೋಫ್ಯುರಾಂಟೊಯಿನ್‌ನಿಂದ ಶೇ. 70ರಷ್ಟು ಮಂದಿ ಗುಣವಾದರೆ, ಒಂದೇ ಡೋಸಿನ ಫಾಸ್ಫೊಮೈಸಿನ್‌ನಿಂದ ಶೇ. 58. ಅಂದರೆ ದಿನ ಕಡಿಮೆಯಾದಷ್ಟೂ ಒಳ್ಳೆಯದೆಂದೂ ಅಲ್ಲ. ಪ್ರತಿ ಔಷಧಕ್ಕೂ ಅದರದ್ದೇ ಅಳತೆಯಿದೆ.

ಈ ಅಳತೆಯೂ ಆರೋಗ್ಯವಂತ ಮಹಿಳೆಯ ಸಾಧಾರಣ ಸೋಂಕಿಗೆ ಮಾತ್ರ. ಜ್ವರ, ಬೆನ್ನುನೋವು, ಬಸಿರು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ ಇದ್ದರೆ, ಅಥವಾ ರೋಗಿ ಗಂಡಸಾದರೆ ಲೆಕ್ಕ ಬೇರೆ. ವೈದ್ಯರು ಮೂರು ದಿನ ಸಾಕೆನ್ನುವುದು ವರ್ಷಗಳ ಪರೀಕ್ಷೆಯ ಫಲ. ಉರಿ ನಿಂತಿತೆಂದು ನಾವೇ ಎರಡು ಮಾತ್ರೆಗೆ ನಿಲ್ಲಿಸುವುದು ಬರೀ ಊಹೆ. ಡಬ್ಬಿಯಲ್ಲುಳಿದ ಮಾತ್ರೆಯನ್ನು ಮುಂದಿನ ಬಾರಿ ಮಗಳಿಗೋ ಸೊಸೆಗೋ ಕೊಡುವುದು ಊಹೆಯ ಮೇಲೆ ಇನ್ನೊಂದು ಊಹೆ.

ಹೊಸ ಔಷಧಗಳು ಬರುವುದು ಅಪರೂಪವಾಗಿರುವ ಈ ಕಾಲದಲ್ಲಿ ಹಳೆಯ ಮಾತ್ರೆ ಇನ್ನೂ ಕೆಲಸ ಮಾಡುತ್ತಿರುವುದು ನಮ್ಮ ಪುಣ್ಯ. ಅದನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಬಿಡಬೇಕಾದದ್ದು ನಾಚಿಕೆಯನ್ನು. ಉರಿಮೂತ್ರ ಒಂದು ಕಾಯಿಲೆ, ಅಪರಾಧವಲ್ಲ.